ವಿದೇಶದ ಪ್ರಯೋಗಶಾಲೆ, ಊರಿನ ಒಡವೆ ಸಾಲ

ಕಳೆದ ವರ್ಷ ಶಿವರಾತ್ರಿಯ ಮರುವಾರ ಕುಂದಾಣದ ನಮ್ಮ ಮನೆಯ ಜಗಲಿಗೆ ಒಬ್ಬ ತಂದೆ, ಮಗಳು ಬಂದರು. ತಂದೆ ನಮ್ಮ ಹೋಬಳಿಯವರೇ. ಎರಡು ಎಕರೆ ಹೊಲ, ಮೂರು ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಮಗಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ, ಎಂ.ಎಸ್ಸಿ. ಮುಗಿಸಿ, ರಾಗಿಯ ಬೆಂಕಿ ರೋಗದ ಬಗ್ಗೆ ಪಿಎಚ್.ಡಿ. ಸಂಶೋಧನೆ ನಡೆಸುತ್ತಿರುವವಳು. ನಿವೃತ್ತ ಅಧಿಕಾರಿಯ ಮನೆಗೆ ಹಳ್ಳಿಯ ಜನ ಬರುವುದು ಸಾಮಾನ್ಯವಾಗಿ ಕಾಗದಪತ್ರಗಳಿಗೆ ಸಹಿ ಹಾಕಿಸಿಕೊಳ್ಳಲು. ಆ ಅಧಿಕಾರ ನಿವೃತ್ತಿಯ ದಿನವೇ ಮುಗಿಯಿತೆಂದು ಎಷ್ಟು ಹೇಳಿದರೂ ನಂಬುವವರಿಲ್ಲ. ಇವರು ತಂದಿದ್ದ ಕಟ್ಟನ್ನು ಬಿಡಿಸಿ ನೋಡಿದಾಗ ಜರ್ಮನಿಯ ಸಸ್ಯವಿಜ್ಞಾನ ಸಂಸ್ಥೆಯೊಂದರ ಆಹ್ವಾನ ಪತ್ರ ಕಾಣಿಸಿತು. ಅಲ್ಲಿನ ಪ್ರಯೋಗಶಾಲೆಯಲ್ಲಿ ಎಂಬತ್ತೆಂಟು ದಿನ ಕೆಲಸ ಮಾಡಲು ಆಕೆ ಆಯ್ಕೆಯಾಗಿದ್ದಳು.

ಎಂಬತ್ತೆಂಟೇ ಏಕೆ ಎಂದು ಕೇಳಿದೆ. ತೊಂಬತ್ತು ದಿನ ಮೀರಿದರೆ ಬೇರೆ ಬಗೆಯ ವೀಸಾ ಬೇಕು, ಅದು ಕೈಸೇರುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ, ಆದ್ದರಿಂದ ಎರಡು ದಿನ ಕಡಿಮೆ ಇಟ್ಟಿದ್ದಾರೆ ಎಂದಳು. ನಾನು ಅಭಿನಂದಿಸುತ್ತಿದ್ದಂತೆ ತಂದೆ ನಡುವೆ ಬಾಯಿ ಹಾಕಿದರು. ‘ಸಾರ್, ಬ್ಯಾಂಕಲ್ಲಿ ಮೂರು ತಿಂಗಳಿಂದ ದುಡ್ಡಿರೋ ಹಂಗೆ ತೋರಿಸ್ಬೇಕಂತೆ. ಎಷ್ಟು ತೋರಿಸಿದ್ರೆ ಸಾಕು?’

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಕ್ಕೂ ಮೇಲೆ ಸರ್ಕಾರದ ಕಡತಗಳ ನಡುವೆ ಕಳೆದ ನನಗೆ ದುಡ್ಡಿನ ಹಲವು ವರ್ಗೀಕರಣಗಳು ಗೊತ್ತಿದ್ದವು. ‘ತೋರಿಸುವ ದುಡ್ಡು’ ಎಂಬ ವರ್ಗ ಗೊತ್ತಿರಲಿಲ್ಲ. ಖರ್ಚು ಮಾಡುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಸಾಲ ತಂದು ಖಾತೆಯಲ್ಲಿ ಇರಿಸಿ, ಅದು ಅಲ್ಲಿದೆ ಎಂಬುದಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು. ತಾಯಿಯ ಎರಡೆಳೆ ಸರ ಮತ್ತು ಬಳೆಗಳು ಅದಾಗಲೇ ಬ್ಯಾಂಕಿನ ಒಡವೆ ಸಾಲಕ್ಕೆ ಹೋಗಿದ್ದವು. ಮಗಳಿಗೆ ಅದು ಗೊತ್ತಾದದ್ದು ನಮ್ಮ ಜಗಲಿಯ ಮೇಲೆಯೇ.

ಇಂಥ ಅಲ್ಪಾವಧಿ ವಿನಿಮಯಗಳು ಕಳೆದ ಎರಡು ದಶಕಗಳಲ್ಲಿ ಹಲವಾರು ನಡೆದಿವೆ. ಖೊರಾನ ಮತ್ತು ಸತ್ಯೇಂದ್ರನಾಥ ಬೋಸ್ ಅವರ ಹೆಸರುಗಳಲ್ಲಿ ಅಮೆರಿಕದ ಪ್ರಯೋಗಶಾಲೆಗಳಿಗೆ ಹತ್ತು ಹನ್ನೆರಡು ವಾರಗಳ ಮಟ್ಟಿಗೆ ವಿದ್ಯಾರ್ಥಿಗಳು ಹೋಗಿಬಂದಿದ್ದಾರೆ. ಫ್ರಾನ್ಸ್‌ನೊಂದಿಗೆ 2013ರಲ್ಲಿ ರಾಮನ್–ಶಾರ್ಪಾಕ್ ಫೆಲೋಶಿಪ್ ಶುರುವಾಯಿತು. ಬ್ರಿಟನ್ನಿಗೆ ನ್ಯೂಟನ್–ಭಾಭಾ ಯೋಜನೆಯಲ್ಲಿ ಎರಡರಿಂದ ನಾಲ್ಕು ತಿಂಗಳ ಅವಕಾಶವಿತ್ತು. ಜಪಾನ್ 2014ರಲ್ಲಿ ‘ಸಕುರಾ’ ಕಾರ್ಯಕ್ರಮ ಆರಂಭಿಸಿತು. ಇವುಗಳ ಆಯ್ಕೆ ಸಮಿತಿಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕುಂದಾಣದಂಥ ಊರಿನ ಹುಡುಗಿಯನ್ನು ಅವು ಅಂಕ ಮತ್ತು ಕೆಲಸ ನೋಡಿಯೇ ಆರಿಸುತ್ತವೆ. ತೊಡಕು ಶುರುವಾಗುವುದು ಆಯ್ಕೆಯಾದ ಮೇಲೆ.

ನಮ್ಮ ಹುಡುಗಿಯ ಲೆಕ್ಕವನ್ನು ಆ ದಿನ ಜಗಲಿಯ ಮೇಲೆ ಕುಳಿತು ಬರೆದೆವು. ವಿಮಾನದ ಟಿಕೆಟ್ ಸುಮಾರು ಎಪ್ಪತ್ತೈದು ಸಾವಿರ. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ವಿಮೆ ಕಡ್ಡಾಯ. ಅಲ್ಲಿ ಬಾಡಿಗೆ ಕೋಣೆಗೆ ಮೊದಲ ತಿಂಗಳ ಬಾಡಿಗೆ ಮತ್ತು ಅಷ್ಟೇ ಮುಂಗಡ. ಬೆಚ್ಚನೆಯ ಅಂಗಿ, ಬೂಟು. ಎಲ್ಲ ಸೇರಿ ಎರಡು ಲಕ್ಷಕ್ಕೆ ತುಸು ಕಡಿಮೆ. ಇದರಲ್ಲಿ ಬಹುಪಾಲನ್ನು ಕೊಡಲು ಆಕೆಯನ್ನು ಕಳುಹಿಸುವ ಸಂಸ್ಥೆ ಒಪ್ಪಿತ್ತು. ಷರತ್ತು ಒಂದೇ: ವಿಮಾನದ ವೆಚ್ಚ ಹಿಂದಿರುಗಿ ಬಂದು ಬಿಲ್ಲು ಸಲ್ಲಿಸಿದ ಮೇಲೆ, ಮಾಸಿಕ ಭತ್ಯೆಯ ಮೊದಲ ಕಂತು ಅಲ್ಲಿಗೆ ತಲುಪಿದ ವರದಿ ಕೈಸೇರಿದ ಮೇಲೆ. ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ; ಅಂಥವರು ಹೇಗೋ ಸಂಭಾಳಿಸಿಕೊಳ್ಳುತ್ತಾರೆ. ಈಕೆಗೆ ಅದು ಇರಲಿಲ್ಲ. ಸಿಗುತ್ತಿದ್ದ ಸಣ್ಣ ಮೊತ್ತವೂ ಐದಾರು ತಿಂಗಳಿಗೊಮ್ಮೆ ಒಟ್ಟಾಗಿ ಬರುತ್ತಿತ್ತು.

ಆಕೆ ಹೋದಳು. ಮೇ ತಿಂಗಳಲ್ಲಿ ಕುಂದಾಣದಿಂದ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದವನು ನಾನೇ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದಾಗಿನಿಂದ ನಮ್ಮ ಹೊಲಗಳ ಮೇಲೆ ಹಗಲಿರುಳು ವಿಮಾನಗಳ ಸದ್ದು. ಆದರೂ ಆ ಮನೆಯಿಂದ ವಿಮಾನ ಹತ್ತಿದವರು ಆ ತನಕ ಯಾರೂ ಇರಲಿಲ್ಲ.

ಹಿಂದಿರುಗಿದ ಮೇಲೆ ಅನೇಕ ಸಂಜೆ ಆಕೆ ತನ್ನ ಅನುಭವ ಹೇಳಿದ್ದಾಳೆ. ಭಾರಿ ಯಂತ್ರಗಳ ವರ್ಣನೆಯನ್ನು ನಾನು ನಿರೀಕ್ಷಿಸಿದ್ದೆ. ಆಕೆ ಮೊದಲು ಹೇಳಿದ್ದು ಒಂದು ಕೀಲಿಕೈಯ ಬಗ್ಗೆ. ಮೊದಲ ದಿನ ಬೆಳಿಗ್ಗೆ ಎರಡು ಗಂಟೆ ಸುರಕ್ಷತೆಯ ಪಾಠ. ಆಮ್ಲ ಚೆಲ್ಲಿದರೆ ಏನು ಮಾಡಬೇಕು, ಕಣ್ಣು ತೊಳೆಯುವ ನಲ್ಲಿ ಎಲ್ಲಿದೆ, ಬೆಂಕಿ ಬಿದ್ದರೆ ಯಾವ ಬಾಗಿಲು. ಎಲ್ಲಕ್ಕೂ ಸಹಿ. ಆಮೇಲೆ ಪ್ರಯೋಗಶಾಲೆಯ ಕೀಲಿ ಕೈಗಿತ್ತರು. ‘ಸರ್, ನಮ್ಮಲ್ಲಿ ಎಂ.ಎಸ್ಸಿ. ಮಾಡುವಾಗ ಸೂಕ್ಷ್ಮದರ್ಶಕದ ಕೋಣೆಯ ಬೀಗ ತೆಗೆಸೋಕೆ ಅರ್ಧ ದಿನ ಅಟೆಂಡರ್ ಹಿಂದೆ ತಿರುಗಬೇಕಿತ್ತು’ ಎಂದಳು. ಯಂತ್ರ ಕೆಟ್ಟರೆ ಹೊಣೆ ಯಾರದೆಂಬ ಭಯದಿಂದಲೇ ನಮ್ಮಲ್ಲಿ ಬೀಗಗಳು ಬೀಳುತ್ತವೆ. ದಾಸ್ತಾನು ವಹಿಯ ತಪಾಸಣೆ ಮಾಡಿದವನಾಗಿ ನನಗೆ ಆ ಭಯದ ಮೂಲ ಗೊತ್ತು. ಅದರಲ್ಲಿ ನಮ್ಮಂಥವರ ಪಾಲೂ ಇದೆ.

ಎರಡನೆಯ ಸಂಗತಿ ಸೋಮವಾರದ ಸಭೆ. ಹದಿನೈದು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರಾಗಿ ಆ ವಾರದ ಕೆಲಸ ಹೇಳಬೇಕು. ಮೊದಲ ಎರಡು ವಾರ ಈಕೆ ಬಾಯಿ ತೆರೆಯಲಿಲ್ಲ. ಹಿರಿಯರ ಮುಂದೆ ಸುಮ್ಮನಿರುವುದು ನಮ್ಮಲ್ಲಿ ವಿನಯ. ಅಲ್ಲಿಯವರು ಆಕೆಗೆ ಹೇಳುವುದು ಏನೂ ಇಲ್ಲವೆಂದು ತಿಳಿದರು. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯಬೇಕೆಂಬುದು ಇನ್ನೊಂದು ಸಂಕಟ. ಕೊನೆಯವರೆಗೂ ಆಕೆ ಹೆಸರನ್ನೇ ಬಳಸದೆ ವಾಕ್ಯ ಕಟ್ಟುವುದನ್ನು ಕಲಿತಳಂತೆ. ಮೂರನೆಯ ವಾರ ಒಬ್ಬ ಹಿರಿಯ ಸಂಶೋಧಕ ತನ್ನ ಎರಡು ತಿಂಗಳ ಪ್ರಯೋಗ ಸಂಪೂರ್ಣ ವಿಫಲವಾದದ್ದನ್ನು ಚಿತ್ರಸಮೇತ ವಿವರಿಸಿದ. ಯಾರೂ ನಗಲಿಲ್ಲ, ಯಾರೂ ಸಮಾಧಾನವನ್ನೂ ಹೇಳಲಿಲ್ಲ. ಎಲ್ಲಿ ತಪ್ಪಿರಬಹುದೆಂದು ಮುಕ್ಕಾಲು ಗಂಟೆ ಚರ್ಚಿಸಿದರು. ಅದರ ಮರುವಾರ ಈಕೆಯೂ ತನ್ನ ಕೆಟ್ಟುಹೋದ ಫಲಿತಾಂಶವನ್ನು ಮುಂದಿಟ್ಟಳು. ಊರಿನಲ್ಲಾಗಿದ್ದರೆ ಅದನ್ನು ಮುಚ್ಚಿಟ್ಟು ಇನ್ನೊಮ್ಮೆ ಮಾಡುತ್ತಿದ್ದೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಳು.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಪ್ರಸಂಗ. ಬೆಂಕಿ ರೋಗಕ್ಕೆ ಕಾರಣವಾದ ಶಿಲೀಂಧ್ರದ ಒಳಗುಟ್ಟು ಆ ಪ್ರಯೋಗಶಾಲೆಯವರಿಗೆ ಅಂಗೈ ನೆಲ್ಲಿ. ಆದರೆ ಅವರಲ್ಲಿ ಯಾರೂ ಹೊಲದಲ್ಲಿ ನಿಂತ ರಾಗಿಯನ್ನು ನೋಡಿರಲಿಲ್ಲ. ಅವರ ರಾಗಿ ಗಾಜಿನ ಮನೆಯ ಕುಂಡಗಳಲ್ಲಿತ್ತು. ರೋಗ ಎಲೆಗೆ ಬಿದ್ದಾಗ ರೈತ ಅಷ್ಟಾಗಿ ಹೆದರುವುದಿಲ್ಲ; ತೆನೆಯ ಕುತ್ತಿಗೆಗೂ ಬೆರಳುಗಳಿಗೂ ಬಿದ್ದಾಗ ಕಾಳು ಜೊಳ್ಳಾಗಿ ಬೆಳೆಯೇ ಕೈಬಿಡುತ್ತದೆ. ಮೋಡ ಮುಸುಕಿ, ಜಡಿಮಳೆ ಹಿಡಿದು, ಇಬ್ಬನಿ ಬೀಳುವ ದಿನಗಳಲ್ಲಿ ಅದು ಹೇಗೆ ಹಬ್ಬುತ್ತದೆಂಬುದನ್ನು ಈಕೆ ತನ್ನ ತಂದೆಯ ಹೊಲದ ಚಿತ್ರಗಳನ್ನು ತೋರಿಸಿ ವಿವರಿಸಿದಳು. ಅಂದಿನಿಂದ ಸಭೆಯಲ್ಲಿ ಆಕೆಯನ್ನು ಪ್ರಶ್ನೆ ಕೇಳುವವರು ಹೆಚ್ಚಾದರಂತೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಖ್ಯಾತರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಸಂಕರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಕಥೆಯನ್ನೂ ಆಕೆ ಅಲ್ಲಿ ಹೇಳಿದಳು. ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳಿಂದ ಆ ಹೆಸರು ಬಂತೆಂಬುದು ಅವರಿಗೆ ಹೊಸ ಸುದ್ದಿ.

ಇಲ್ಲಿಂದ ರೋಗದ ಮಾದರಿಗಳನ್ನು ಒಯ್ಯಬೇಕೆಂಬ ಆಸೆ ಆಕೆಗಿತ್ತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ಹೊರಡುವ ಹೊತ್ತಿಗೆ ಅದು ಬರುವುದು ಅನುಮಾನವಾಗಿ, ಬರೀ ದತ್ತಾಂಶ ಒಯ್ದಳು. ಈ ನಿಯಮವನ್ನು ನಾನು ದೂರುವುದಿಲ್ಲ. ನಮ್ಮ ಬೀಜ, ನಮ್ಮ ಬೇರುಗಳು ಹೇಳದೆ ಕೇಳದೆ ಪರದೇಶಕ್ಕೆ ಹೋದ ಇತಿಹಾಸ ಅದರ ಹಿಂದಿದೆ. ವರ್ಷ ಮೊದಲೇ ಅರ್ಜಿ ಹಾಕಬೇಕೆಂದು ಆಕೆಗೆ ಯಾರಾದರೂ ತಿಳಿಸಬೇಕಿತ್ತು, ಅಷ್ಟೆ.

ಮಿಕ್ಕಂತೆ ಎಲ್ಲ ಪ್ರವಾಸಿಗಳ ಅನುಭವವೇ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆಂದು ಗೊತ್ತಿಲ್ಲದೆ ಮೊದಲ ಭಾನುವಾರ ಅವಲಕ್ಕಿ ನೆನೆಸಿ ತಿಂದದ್ದು, ರಾತ್ರಿ ಹತ್ತರವರೆಗೂ ಕತ್ತಲಾಗದ ಜೂನ್ ತಿಂಗಳು, ಒಯ್ದ ರಾಗಿ ಹಿಟ್ಟು ಮುಗಿದ ದಿನ ಅಳು ಬಂದದ್ದು.

ಹೊಸಕೋಟೆ ಕಡೆಯ ನನ್ನ ಪರಿಚಿತರ ಮಗ ರಸಾಯನಶಾಸ್ತ್ರದ ವಿದ್ಯಾರ್ಥಿ. ಸಕುರಾ ಕಾರ್ಯಕ್ರಮದಲ್ಲಿ ಹತ್ತು ದಿನ ಜಪಾನಿಗೆ ಹೋಗಿಬಂದ. ಹತ್ತು ದಿನದಲ್ಲಿ ಏನು ಸಂಶೋಧನೆಯಾಗುತ್ತದಪ್ಪ ಎಂದು ಕೆಣಕಿದೆ. ‘ಏನೂ ಆಗಲ್ಲ ಅಂಕಲ್, ನೋಡಿ ಬರಬಹುದು ಅಷ್ಟೆ’ ಎಂದ. ಆದರೂ ಬಂದವನೇ ತನ್ನ ಪ್ರಯೋಗಶಾಲೆಯ ಪ್ರತಿ ಸೀಸೆಗೂ ತಾರೀಖು ಮತ್ತು ತಯಾರಿಸಿದವರ ಹೆಸರಿನ ಚೀಟಿ ಅಂಟಿಸಿದ್ದಾನೆ. ಇನ್ನೂ ಅದು ನಡೆಯುತ್ತಿದೆಯಂತೆ. ಆದರೆ ಅವನನ್ನು ಇಲ್ಲಿ ನೆನೆಯುವುದಕ್ಕೆ ಬೇರೆ ಕಾರಣವಿದೆ. ಅವನಿಗೆ ಟಿಕೆಟ್ಟನ್ನೇ ಆತಿಥೇಯರು ಕಳುಹಿಸಿದರು. ವಸತಿ ಅವರದೇ. ಅವನ ತಂದೆ ಗಾರೆ ಕೆಲಸದವರು. ಅವರು ಯಾರ ಮುಂದೆಯೂ ಕೈಯೊಡ್ಡಬೇಕಾಗಲಿಲ್ಲ.

ಹೊರದೇಶದ ಕೆಲವೇ ವಾರಗಳಿಂದ ಏನಾಗಬಲ್ಲದು ಎಂಬುದಕ್ಕೆ ನಮ್ಮಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಸಿ.ವಿ. ರಾಮನ್ 1907ರಿಂದ ಹತ್ತು ವರ್ಷ ಭಾರತ ಸರ್ಕಾರದ ಹಣಕಾಸು ಸೇವೆಯಲ್ಲಿದ್ದ ಲೆಕ್ಕಪತ್ರ ಅಧಿಕಾರಿ. ನಮ್ಮ ಕಸುಬಿನವರು ಎಂದು ನಾನು ಸದಾ ಹೆಮ್ಮೆಪಡುತ್ತೇನೆ. 1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಆಕ್ಸ್‌ಫರ್ಡಿಗೆ ಹೋದದ್ದು ಅವರ ಮೊದಲ ವಿದೇಶ ಪ್ರವಾಸ. ಹಿಂದಿರುಗುವಾಗ ‘ನಾರ್ಕುಂಡ’ ಹಡಗಿನ ಮೇಲಿಂದ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿ, ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂಬ ಯೋಚನೆ ಹಿಡಿದು ಬಂದರು. ಏಳು ವರ್ಷದ ಮೇಲೆ, 1928ರ ಫೆಬ್ರುವರಿ 28ರಂದು, ಕಲ್ಕತ್ತೆಯಲ್ಲಿ ರಾಮನ್ ಪರಿಣಾಮ ಕೈಗೆ ಸಿಕ್ಕಿತು. ಪ್ರವಾಸದ ಖರ್ಚಿನ ಎದುರು ಫಲ ಬರೆಯುವ ಅಂಕಣವಿದ್ದಿದ್ದರೆ ಏಳು ವರ್ಷ ಅದು ಖಾಲಿಯಾಗಿಯೇ ಇರುತ್ತಿತ್ತು.

ಸತ್ಯೇಂದ್ರನಾಥ ಬೋಸರ ಕಥೆ ನಮ್ಮ ಹುಡುಗಿಯ ಕಥೆಗೆ ಇನ್ನೂ ಹತ್ತಿರ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದ ಅವರ ರಜೆ ಅರ್ಜಿ ಇತ್ಯರ್ಥವಾಗದೆ ಕುಳಿತಿತ್ತು. ಅಷ್ಟರಲ್ಲಿ ಅವರ ಲೇಖನವನ್ನು ಮೆಚ್ಚಿ ಐನ್‌ಸ್ಟೈನ್ ಬರೆದ ಒಂದು ಪೋಸ್ಟ್‌ಕಾರ್ಡ್ ಬಂತು. ಅದನ್ನು ತೋರಿಸಿದೊಡನೆ ಎರಡು ವರ್ಷದ ರಜೆ, ಧಾರಾಳ ಭತ್ಯೆ ಮಂಜೂರಾಯಿತು. ಜರ್ಮನ್ ದೂತಾವಾಸ ಶುಲ್ಕವನ್ನೂ ಪಡೆಯದೆ ವೀಸಾ ಕೊಟ್ಟಿತು. ಎಲ್ಲರ ಕೈಯಲ್ಲೂ ಐನ್‌ಸ್ಟೈನರ ಕಾರ್ಡು ಇರುವುದಿಲ್ಲ. ಇಲ್ಲದವರು ತಾಯಿಯ ಬಳೆ ಒಯ್ಯುತ್ತಾರೆ.

ಇದನ್ನೆಲ್ಲ ಬರೆಯಲು ನನಗೆ ಇರುವ ಹಕ್ಕು ಎಷ್ಟೆಂಬುದನ್ನೂ ಹೇಳಿಬಿಡಬೇಕು. 1990ರ ದಶಕದ ನಡುವಿನಲ್ಲಿ ನಾನೊಂದು ಇಲಾಖೆಯ ಹಣಕಾಸು ಶಾಖೆಯಲ್ಲಿದ್ದೆ. ವಿದೇಶದ ಪ್ರಯೋಗಶಾಲೆಯೊಂದಕ್ಕೆ ಆರು ವಾರ ಹೋಗಲು ಆಯ್ಕೆಯಾದ ಸಂಶೋಧನಾ ವಿದ್ಯಾರ್ಥಿಯೊಬ್ಬ ವಿಮಾನ ವೆಚ್ಚವನ್ನು ಮುಂಗಡವಾಗಿ ಕೊಡಬೇಕೆಂದು ಕೋರಿದ್ದ. ಕಡತ ನನ್ನ ಮೇಜಿಗೆ ಬಂತು. ‘ಅರ್ಜಿದಾರರು ಸರ್ಕಾರಿ ನೌಕರರಲ್ಲದ ಕಾರಣ ಮುಂಗಡಕ್ಕೆ ಅವಕಾಶವಿರುವುದಿಲ್ಲ. ಪ್ರವಾಸಾನಂತರ ಬಿಲ್ಲು ಸಲ್ಲಿಸಲು ತಿಳಿಸಬಹುದು’ ಎಂದು ಬರೆದು ಸಹಿ ಹಾಕಿದೆ. ಎರಡು ಸಾಲು. ನಿಯಮದ ಪ್ರಕಾರ ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆರ್ಥಿಕ ವರ್ಷದ ಕೊನೆಯಲ್ಲಿ, ಖರ್ಚಾಗದೆ ಉಳಿದ ಮೊತ್ತಗಳನ್ನು ಅಧ್ಯರ್ಪಿಸುವ ಪಟ್ಟಿಯಲ್ಲಿ ಆ ಹುಡುಗನ ವಿಮಾನದ ಹಣ ಕಣ್ಣಿಗೆ ಬಿತ್ತು. ಆತ ಹೋಗಿರಲಿಲ್ಲ. ಹಣವಿತ್ತು, ಮಂಜೂರಾತಿಯೂ ಇತ್ತು. ಕೊಡಬೇಕಾದ ಹೊತ್ತಿಗೆ ಕೊಡುವ ದಾರಿ ಇರಲಿಲ್ಲ, ಇದ್ದರೂ ನಾನು ಹುಡುಕಲಿಲ್ಲ. ಆ ಪಟ್ಟಿಗೂ ನಾನೇ ಸಹಿ ಹಾಕಿದೆ. ಅದೇ ವರ್ಷ ನಾನು ಕುಟುಂಬದೊಡನೆ ಉತ್ತರ ಭಾರತಕ್ಕೆ ರಜಾ ಪ್ರವಾಸ ಹೋದದ್ದು ಸರ್ಕಾರದಿಂದ ಪಡೆದ ಮುಂಗಡದಲ್ಲಿ.

ತಿಂಗಳ ಸಂಬಳ ಖಚಿತವಿರುವ ನೌಕರನಿಗೆ ಮುಂಗಡ, ಸಂಬಳವೇ ಇಲ್ಲದ ವಿದ್ಯಾರ್ಥಿಗೆ ಮರುಪಾವತಿ. ಇದಕ್ಕೆ ಸಮರ್ಥನೆಯಾಗಿ ಹೇಳುವುದು, ವಿದ್ಯಾರ್ಥಿ ಹೋಗದೆ ಹಣ ನುಂಗಿದರೆ ವಸೂಲಿ ಹೇಗೆ ಎಂದು. ಟಿಕೆಟ್ಟನ್ನು ಸಂಸ್ಥೆಯೇ ಕೊಂಡುಕೊಟ್ಟರೆ ನುಂಗುವ ಪ್ರಶ್ನೆ ಎಲ್ಲಿ ಬಂತು? ಪ್ರತಿ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ಲಕ್ಷದ ಒಂದು ಆವರ್ತ ನಿಧಿ ಇದ್ದರೆ, ತಲಾ ಎರಡು ಲಕ್ಷದಂತೆ ಏಕಕಾಲಕ್ಕೆ ಹನ್ನೆರಡು ವಿದ್ಯಾರ್ಥಿಗಳನ್ನು ಕಳುಹಿಸಬಹುದು. ಪ್ರಾಯೋಜಕರಿಂದ ಹಣ ಬಂದಂತೆ ನಿಧಿ ಮತ್ತೆ ತುಂಬಿಕೊಳ್ಳುತ್ತದೆ. ಸರ್ಕಾರಕ್ಕೆ ಇದರಿಂದ ಆಗುವ ನಿಜವಾದ ವೆಚ್ಚ ಆ ಮೊತ್ತದ ಬಡ್ಡಿ ಮಾತ್ರ. ಇಂದು ಆ ಬಡ್ಡಿಯನ್ನು ಕುಂದಾಣದ ಹಾಲು ಕರೆಯುವ ಮನೆ ಕಟ್ಟುತ್ತಿದೆ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಪೂರ್ಣ ಪದವಿ ಪಡೆಯಲು ನೆರವಿನ ಯೋಜನೆಗಳು ರೂಪುಗೊಂಡಿವೆ, ಅವು ಒಳ್ಳೆಯವೇ. ಮೂರು ತಿಂಗಳ ಪ್ರಯೋಗಶಾಲಾ ವಾಸ ಅಂಥ ಯೋಜನೆಗಳ ಚೌಕಟ್ಟಿಗೆ ಹೊಂದುವುದಿಲ್ಲ.

ಹೋದವರು ಹಿಂದಿರುಗುವುದಿಲ್ಲ, ಸಾರ್ವಜನಿಕರ ಹಣ ಏಕೆ ಸುರಿಯಬೇಕು ಎನ್ನುವವರೂ ಇದ್ದಾರೆ. ನಾವು ಎಂ.ಎ. ಓದುವಾಗ ಪ್ರತಿಭಾ ಪಲಾಯನಕ್ಕೆ ತೆರಿಗೆ ಹಾಕಬೇಕೆಂಬ ಜಗದೀಶ್ ಭಗವತಿಯವರ 1970ರ ದಶಕದ ಸಲಹೆಯನ್ನು ತರಗತಿಯಲ್ಲಿ ಬಿಸಿಬಿಸಿಯಾಗಿ ಚರ್ಚಿಸಿದ್ದೆವು. ಎಂಬತ್ತೆಂಟು ದಿನದವರ ವಿಷಯದಲ್ಲಿ ಆ ಆತಂಕ ಕಡಿಮೆ. ವೀಸಾವೇ ಅವರನ್ನು ವಾಪಸು ಕಳುಹಿಸುತ್ತದೆ. ಬಂದವರನ್ನು ಇಲ್ಲಿ ಹೇಗೆ ನಡೆಸಿಕೊಳ್ಳುತ್ತೇವೆಂಬುದೇ ನನಗೆ ದೊಡ್ಡ ಚಿಂತೆ. ಜರ್ಮನಿಯಲ್ಲಿ ಬೇಕಾದ ರಾಸಾಯನಿಕ ಮರುದಿನ ಮೇಜಿನ ಮೇಲಿರುತ್ತಿತ್ತು. ಇಲ್ಲಿ ಅದೇ ಸೀಸೆಗೆ ಮೂರು ದರಪಟ್ಟಿ, ತುಲನಾತ್ಮಕ ಪಟ್ಟಿ, ಖರೀದಿ ಸಮಿತಿ. ಬರುವಷ್ಟರಲ್ಲಿ ಎರಡು ತಿಂಗಳು. ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ತನ್ನ ವೈಜ್ಞಾನಿಕ ಸಂಸ್ಥೆಗಳಿಗೆ ದರಪಟ್ಟಿಯಿಲ್ಲದೆ ಕೊಳ್ಳುವ ಮಿತಿಯನ್ನು ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿಸಿತು. ರಾಜ್ಯದ ವಿಶ್ವವಿದ್ಯಾಲಯಗಳು ನಡೆಯುವುದು 1999ರ ನಮ್ಮದೇ ಪಾರದರ್ಶಕತೆ ಕಾಯ್ದೆಯಡಿ. ಆ ಕಾಯ್ದೆ ಬಂದ ಕಾಲಕ್ಕೆ ಅದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ರಸ್ತೆಗೆ ಡಾಂಬರು ಕೊಳ್ಳುವುದಕ್ಕೂ ಕೆಡುವ ಕಿಣ್ವವನ್ನು ಕೊಳ್ಳುವುದಕ್ಕೂ ಒಂದೇ ಅಳತೆಗೋಲು ಸಲ್ಲದೆಂದು ಆಗ ನನಗೆ ಹೊಳೆದಿರಲಿಲ್ಲ.

ಹುಡುಗಿ ಹಿಂದಿರುಗಿದ್ದು ಆಗಸ್ಟ್‌ನಲ್ಲಿ. ಮರುವಾರವೇ ಬಿಲ್ಲು ಸಲ್ಲಿಸಿದಳು. ಮೊದಲ ಆಕ್ಷೇಪಣೆ ಅಕ್ಟೋಬರಿನಲ್ಲಿ ಬಂತು: ಮರುಪ್ರಯಾಣದ ಬೋರ್ಡಿಂಗ್ ಪಾಸ್‌ನ ಮೂಲ ಪ್ರತಿ ಇಲ್ಲ. ಅದು ಆಕೆಯ ಮೊಬೈಲಿನಲ್ಲಿತ್ತು, ಮುದ್ರಿಸಿ ಕಳುಹಿಸಿದ್ದಾಯಿತು. ಎರಡನೆಯದು ಟಿಕೆಟ್ ಕೊಂಡ ಬಗೆಯ ಬಗ್ಗೆ. ಸರ್ಕಾರಿ ವೆಚ್ಚದ ಪ್ರಯಾಣ ಏರ್ ಇಂಡಿಯಾದಲ್ಲೇ ಆಗಬೇಕೆಂಬ 2009ರ ಕಟ್ಟಳೆ, ಆ ಸಂಸ್ಥೆ 2022ರ ಜನವರಿಯಲ್ಲಿ ಟಾಟಾ ಸಮೂಹದ ಕೈಸೇರುವುದರೊಂದಿಗೆ ಮುಗಿದು, ಈಗ ಕೇಂದ್ರದ ನೌಕರರು ಮೂರು ಅಧಿಕೃತ ಏಜೆನ್ಸಿಗಳಿಂದ ಟಿಕೆಟ್ ಕೊಳ್ಳಬೇಕು. ಈಕೆ ಅಗ್ಗವಾಗಿ ಸಿಕ್ಕಿತೆಂದು ಬೇರೆಡೆ ಕೊಂಡಿದ್ದಳು. ಸರ್ಕಾರದ ಹಣ ಉಳಿಯಿತಲ್ಲ ಸರ್ ಎಂದು ನನ್ನನ್ನೇ ಕೇಳಿದಳು. ಮುಂಗಡ ಕೇಳಿದಾಗ ನೌಕರಳಲ್ಲ, ಟಿಕೆಟ್ ಕೊಳ್ಳುವಾಗ ನೌಕರಳು ಎಂಬುದು ನನಗೂ ಆಗಲೇ ಅರಿವಾದದ್ದು.

ಉತ್ತರವನ್ನು ನಾನೇ ಬರೆದುಕೊಟ್ಟೆ. ‘ಉಲ್ಲೇಖಿತ ಪತ್ರಕ್ಕೆ ಸಂಬಂಧಿಸಿದಂತೆ’ ಎಂದು ಆರಂಭಿಸಿ, ಅರ್ಜಿದಾರಳು ಸರ್ಕಾರಿ ನೌಕರಳಲ್ಲದ ಕಾರಣ ಸದರಿ ನಿಯಮ ಅನ್ವಯಿಸುವುದಿಲ್ಲವೆಂದು ಮುಗಿಸಿದ ಎರಡು ಸಾಲು. ಬರೆಯುವಾಗ ಕೈ ಸ್ವಲ್ಪ ತಡೆಯಿತು. ಜನವರಿಯಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದ್ದೇವೆ. ಒಡವೆ ಸಾಲಕ್ಕೆ ಮಾರ್ಚಿಗೆ ಒಂದು ವರ್ಷ ತುಂಬುತ್ತದೆ. ಬಡ್ಡಿ ಕಟ್ಟಿ ನವೀಕರಿಸುವುದೋ, ಒಂದು ಹಸು ಮಾರಿ ಬಿಡಿಸಿಕೊಳ್ಳುವುದೋ ಎಂದು ತಂದೆ ಮೊನ್ನೆ ಡೇರಿಯ ಮುಂದೆ ಸಿಕ್ಕಾಗ ಕೇಳಿದರು.